ಮೂರು ಊರುಗಳು, ಒಂದೇ ವಿಶ್ವವಿದ್ಯಾಲಯ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 2022ರ ಜುಲೈ 1ರಂದು ಆರು ಸರ್ಕಾರಿ ವಿಶ್ವವಿದ್ಯಾಲಯಗಳು ಎರಡಾದವು. ಬ್ಲೂಮ್ಸ್‌ಬರ್ಗ್, ಲಾಕ್ ಹೇವನ್, ಮ್ಯಾನ್ಸ್‌ಫೀಲ್ಡ್ ಸೇರಿ ‘ಕಾಮನ್‌ವೆಲ್ತ್ ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾ’ ಆಯಿತು. ಕ್ಯಾಲಿಫೋರ್ನಿಯಾ, ಕ್ಲ್ಯಾರಿಯನ್, ಎಡಿನ್‌ಬರೊ ಸೇರಿ ‘ಪೆನ್‌ವೆಸ್ಟ್’ ಆಯಿತು. ಈ ಕ್ಯಾಲಿಫೋರ್ನಿಯಾ ಪಶ್ಚಿಮ ಕರಾವಳಿಯ ರಾಜ್ಯವಲ್ಲ; ಪಿಟ್ಸ್‌ಬರ್ಗ್ ನಗರದ ದಕ್ಷಿಣಕ್ಕೆ ಮೊನೊಂಗಹೀಲಾ ನದಿಯ ದಂಡೆಯಲ್ಲಿರುವ ಪುಟ್ಟ ಊರು. ಅಂದು ಯಾವ ಕಟ್ಟಡಕ್ಕೂ ಬೀಗ ಬೀಳಲಿಲ್ಲ. ತರಗತಿಗಳು, ಹಾಸ್ಟೆಲುಗಳು ಇದ್ದಲ್ಲೇ ಉಳಿದವು. ಕುಲಪತಿ ಹುದ್ದೆಗಳು ಮಾತ್ರ ಆರರಿಂದ ಎರಡಾದವು, ಮಾನ್ಯತೆ ಪತ್ರಗಳು ಎರಡಾದವು, ಪಠ್ಯಕ್ರಮ ಒಂದಾಯಿತು, ಪದವಿ ಪತ್ರದ ಮೇಲಿನ ಹೆಸರು ಬದಲಾಯಿತು.

ವಿಲೀನ ಎಂದರೆ ಇಷ್ಟೇ ಎಂದಾದರೆ ಯಾರಿಗೂ ತಕರಾರು ಇರುತ್ತಿರಲಿಲ್ಲ. ಆದರೆ ಆ ದಿನದ ಹಿಂದೆ ಹನ್ನೆರಡು ವರ್ಷಗಳ ಕುಸಿತವಿತ್ತು. ಅದರ ಮುಂದೆ, ಪಾಠ ಹೇಳುವವರ ಕೆಲಸಕ್ಕೇ ಕತ್ತರಿ ಹಾಕುವ ಲೆಕ್ಕಾಚಾರವಿತ್ತು. ನಮ್ಮಲ್ಲೂ 2025ರ ಫೆಬ್ರುವರಿಯಲ್ಲಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಹಳೆಯವುಗಳ ಜತೆ ಸೇರಿಸುವ ಮಾತು ಸರ್ಕಾರದಿಂದಲೇ ಬಂದಿತು. ಹಾಗಾಗಿ ಪೆನ್ಸಿಲ್ವೇನಿಯಾದಲ್ಲಿ ಏನು ನಡೆಯಿತು ಎಂಬುದನ್ನು ನಾವು ಬಿಡಿಸಿ ನೋಡಲೇಬೇಕು.

ಆ ರಾಜ್ಯದ ಉನ್ನತ ಶಿಕ್ಷಣ ವ್ಯವಸ್ಥೆ ರೂಪುಗೊಂಡಿದ್ದು 1982ರ ಕಾಯ್ದೆಯಿಂದ. ಹದಿನಾಲ್ಕು ಸರ್ಕಾರಿ ವಿದ್ಯಾಸಂಸ್ಥೆಗಳು ಒಂದೇ ಆಡಳಿತ ಮಂಡಳಿಯ ಕೆಳಗೆ ಬಂದವು. ಅವುಗಳಲ್ಲಿ ಬಹುಪಾಲು ಹತ್ತೊಂಬತ್ತನೆಯ ಶತಮಾನದಲ್ಲಿ ಶಾಲಾ ಶಿಕ್ಷಕರ ತರಬೇತಿಗೆಂದು ಹುಟ್ಟಿದವು. 1837ರಲ್ಲಿ ಆರಂಭವಾದ ಚೈನಿ, ಕಪ್ಪು ಜನರ ಶಿಕ್ಷಣಕ್ಕಾಗಿ ಆ ದೇಶದಲ್ಲಿ ಹುಟ್ಟಿದ ಅತಿ ಹಳೆಯ ಸಂಸ್ಥೆ. ಇವು ಯಾವುವೂ ಹಾರ್ವರ್ಡ್ ಅಲ್ಲ. ಪೆನ್ ಸ್ಟೇಟ್‌ನಂಥ ಬೃಹತ್ ಸಂಶೋಧನಾ ವಿಶ್ವವಿದ್ಯಾಲಯಗಳೂ ಅಲ್ಲ. ಗಣಿ ಕಾರ್ಮಿಕರ, ಉಕ್ಕಿನ ಕಾರ್ಖಾನೆಯವರ, ಹೈನುಗಾರರ ಮಕ್ಕಳು ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದದ್ದು ಇಂಥ ಕ್ಯಾಂಪಸ್‌ಗಳಲ್ಲಿ. ಮುಂದೆ ಅವರೇ ಸುತ್ತಲಿನ ಊರುಗಳ ಶಾಲಾ ಶಿಕ್ಷಕರು, ನರ್ಸುಗಳು, ಲೆಕ್ಕಪರಿಶೋಧಕರಾದರು.

ಊರಿಗೂ ಕಾಲೇಜಿಗೂ ನಂಟು ಎಷ್ಟು ಗಾಢವಾಗಿತ್ತು ಎಂಬುದಕ್ಕೆ ಮ್ಯಾನ್ಸ್‌ಫೀಲ್ಡನ್ನು ನೋಡಬೇಕು. ನ್ಯೂಯಾರ್ಕ್ ಗಡಿಗೆ ಹತ್ತಿರದ ಟಿಯೋಗಾ ಕೌಂಟಿಯ ಸಣ್ಣ ಪಟ್ಟಣ ಅದು. ಅಮೆರಿಕನ್ ಫುಟ್‌ಬಾಲ್‌ನ ಮೊತ್ತಮೊದಲ ರಾತ್ರಿ ಪಂದ್ಯ ನಡೆದದ್ದು ಅಲ್ಲಿ, 1892ರ ಸೆಪ್ಟೆಂಬರ್ 28ರಂದು. ಜಾತ್ರೆಗೆ ಬಂದಿದ್ದ ಜನರ ಮುಂದೆ ವಿದ್ಯುದ್ದೀಪ ಹಚ್ಚಿ, ಅಲ್ಲಿನ ಶಿಕ್ಷಕ ತರಬೇತಿ ಶಾಲೆಯ ಹುಡುಗರು ಆಡಿದರು. ಬೆಳಕು ಸಾಲದೆ ಆಟ ಅರ್ಧಕ್ಕೇ ನಿಂತಿತು, ಯಾರೂ ಒಂದು ಅಂಕವನ್ನೂ ಗಳಿಸಲಿಲ್ಲ. ಆದರೂ ಆ ಪಟ್ಟಣ ಇಂದಿಗೂ ಆ ಪಂದ್ಯದ ನೆನಪನ್ನು ಹಬ್ಬದಂತೆ ಆಚರಿಸುತ್ತದೆ. ಇಂಥ ಊರಿನಲ್ಲಿ 2010ರ ಸುಮಾರಿಗೆ ಮೂರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು. ಹತ್ತೇ ವರ್ಷದಲ್ಲಿ ಆ ಸಂಖ್ಯೆ ಎರಡು ಸಾವಿರಕ್ಕಿಂತ ಕೆಳಗಿಳಿಯಿತು. ಎಡಿನ್‌ಬರೊದಲ್ಲಿ ಅದೇ ಅವಧಿಗೆ ಅರ್ಧದಷ್ಟು ಮಕ್ಕಳು ಕಡಿಮೆಯಾದರು. ಇಡೀ ವ್ಯವಸ್ಥೆಯ ಲೆಕ್ಕ ಹೇಳುವುದಾದರೆ, 2010ರಲ್ಲಿ ಸುಮಾರು 1 ಲಕ್ಷ 19 ಸಾವಿರವಿದ್ದ ವಿದ್ಯಾರ್ಥಿಗಳು 2024ರ ಹೊತ್ತಿಗೆ 82 ಸಾವಿರದ ಆಸುಪಾಸಿಗೆ ಬಂದರು.

ಮಕ್ಕಳು ಎಲ್ಲಿ ಹೋದರು?

ಮೊದಲ ಉತ್ತರ, ಅವರು ಹುಟ್ಟಲೇ ಇಲ್ಲ. ಅಮೆರಿಕದಲ್ಲಿ 2007ರಲ್ಲಿ 43 ಲಕ್ಷಕ್ಕೂ ಹೆಚ್ಚು ಶಿಶುಗಳು ಹುಟ್ಟಿದವು. ಮರುವರ್ಷದ ಆರ್ಥಿಕ ಕುಸಿತದಿಂದ ಆರಂಭವಾದ ಇಳಿಕೆ ಆಮೇಲೂ ಬಹುಮಟ್ಟಿಗೆ ಮುಂದುವರಿಯಿತು. 2020ರಲ್ಲಿ ಹುಟ್ಟಿದವರು 36 ಲಕ್ಷ. 2007ಕ್ಕೆ ಹದಿನೆಂಟು ಕೂಡಿಸಿದರೆ 2025. ಅಲ್ಲಿಂದ ಮುಂದಕ್ಕೆ ಕಾಲೇಜಿನ ಬಾಗಿಲಿಗೆ ಬರುವ ವಯಸ್ಸಿನವರೇ ವರ್ಷ ವರ್ಷ ಕಡಿಮೆ. ಅಲ್ಲಿನ ಶಿಕ್ಷಣ ಕ್ಷೇತ್ರದವರು ಇದನ್ನು ಜನಸಂಖ್ಯೆಯ ಪ್ರಪಾತ ಎಂದೇ ಕರೆಯುತ್ತಾರೆ. ಪೆನ್ಸಿಲ್ವೇನಿಯಾದ ಪಶ್ಚಿಮ ಮತ್ತು ಉತ್ತರದ ಜಿಲ್ಲೆಗಳಿಗೆ ಈ ಪೆಟ್ಟು ಮೊದಲೇ ಬಿದ್ದಿತ್ತು. ಉಕ್ಕು, ಕಲ್ಲಿದ್ದಲು ಸೊರಗಿದಾಗ ಅಲ್ಲಿನ ದುಡಿಯುವ ವಯಸ್ಸಿನವರು ಕೆಲಸ ಹುಡುಕಿ ಹೊರಟಿದ್ದರು. ಮಕ್ಕಳು ಹುಟ್ಟಿದ್ದು ಬೇರೆ ರಾಜ್ಯಗಳಲ್ಲಿ.

ಎರಡನೆಯ ಉತ್ತರ ನನಗೆ ಹೆಚ್ಚು ಮುಖ್ಯ, ಏಕೆಂದರೆ ಅದು ಪ್ರಕೃತಿಯದಲ್ಲ, ಸರ್ಕಾರದ್ದು. ಈ ವ್ಯವಸ್ಥೆ ಆರಂಭವಾದಾಗ ಅದರ ಖರ್ಚಿನಲ್ಲಿ ಹೆಚ್ಚುಕಡಿಮೆ ಮೂರನೇ ಎರಡರಷ್ಟನ್ನು ರಾಜ್ಯವೇ ಕೊಡುತ್ತಿತ್ತು. ನಾಲ್ಕು ದಶಕಗಳಲ್ಲಿ ಆ ಪಾಲು ಕಾಲು ಭಾಗದ ಸಮೀಪಕ್ಕೆ ಕುಸಿಯಿತು. 2011ರಲ್ಲಿ ಗವರ್ನರ್ ಟಾಮ್ ಕಾರ್ಬೆಟ್ ಅನುದಾನವನ್ನು ಅರ್ಧಕ್ಕಿಂತಲೂ ಕೆಳಗಿಳಿಸುವ ಪ್ರಸ್ತಾವ ಮುಂದಿಟ್ಟರು. ಕೊನೆಗೆ ಕಡಿತವಾದದ್ದು ಶೇ 18. ಸರ್ಕಾರ ಬಿಟ್ಟ ಭಾರವನ್ನು ಹೊತ್ತವರು ವಿದ್ಯಾರ್ಥಿಗಳು. ಶುಲ್ಕ ಏರುತ್ತಲೇ ಹೋಯಿತು. 2018ರಲ್ಲಿ ಮಂಡಳಿ ಎಚ್ಚೆತ್ತು, ರಾಜ್ಯದ ನಿವಾಸಿಗಳಿಗೆ ವರ್ಷಕ್ಕೆ 7,716 ಡಾಲರ್ ಎಂದು ಬೋಧನಾ ಶುಲ್ಕವನ್ನು ನಿಲ್ಲಿಸಿ, ಏಳು ವರ್ಷ ಅದನ್ನು ಏರಿಸಲಿಲ್ಲ. ಅಷ್ಟರಲ್ಲಿ ಹಾಸ್ಟೆಲು, ಊಟ ಎಲ್ಲ ಸೇರಿದರೆ ಖರ್ಚು 20 ಸಾವಿರ ಡಾಲರ್ ದಾಟುತ್ತಿತ್ತು. ಬಡ ಮನೆಯ ಮಕ್ಕಳಿಗೆ ಅಗ್ಗದ ಕಾಲೇಜು ಎಂಬ ಆಕರ್ಷಣೆಯೇ ಉಳಿದಿರಲಿಲ್ಲ.

ಹಾಸ್ಟೆಲಿನ ಕತೆಯನ್ನು ಇನ್ನೂ ಸ್ವಲ್ಪ ಹೇಳಬೇಕು. ಸಂಖ್ಯೆ ಏರುತ್ತಿದ್ದ ದಿನಗಳಲ್ಲಿ, ಇನ್ನೂ ಏರುತ್ತದೆ ಎಂಬ ನಂಬಿಕೆಯಲ್ಲಿ, ಹಲವು ಕ್ಯಾಂಪಸ್‌ಗಳು ಹಳೆಯ ಕೋಣೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಮಾದರಿಯ ವಸತಿಗೃಹಗಳನ್ನು ಕಟ್ಟಿಸಿದವು. ಸಾಲಪತ್ರದ ಹಣ ಅದು. ಕೋಣೆ ತುಂಬಿದರೆ ಬಾಡಿಗೆಯಿಂದ ಕಂತು ತೀರುತ್ತದೆ. ಖಾಲಿ ಬಿದ್ದರೂ ಕಂತು ಕಟ್ಟಲೇಬೇಕು. ಮಕ್ಕಳು ಕಡಿಮೆಯಾದಾಗ ಕಟ್ಟಡದ ಸಾಲವನ್ನು ತಕ್ಷಣ ಇಳಿಸಲಾಗದು, ನಿವೃತ್ತರ ಪಿಂಚಣಿಯನ್ನು ಇಳಿಸಲಾಗದು, ಚಾವಣಿಯ ರಿಪೇರಿಯನ್ನು ತಪ್ಪಿಸಲಾಗದು. ಕೈಗೆ ಸಿಗುವುದು ಸಂಬಳ. ಸಂಬಳವೆಂದರೆ ಅಧ್ಯಾಪಕರು.

2018ರಲ್ಲಿ ಈ ವ್ಯವಸ್ಥೆಯ ಚಾನ್ಸಲರ್ ಆಗಿ ಬಂದ ಡೇನಿಯಲ್ ಗ್ರೀನ್‌ಸ್ಟೀನ್ ಹಿಂದೆ ಗೇಟ್ಸ್ ಫೌಂಡೇಷನ್ನಿನಲ್ಲಿದ್ದವರು. 2020ರಲ್ಲಿ ಶಾಸನಸಭೆ ಒಂದು ಕಾಯ್ದೆ ತಂದು, ವಿಶ್ವವಿದ್ಯಾಲಯಗಳನ್ನು ಸೇರಿಸುವ ಅಧಿಕಾರವನ್ನು ಮಂಡಳಿಗೆ ಕೊಟ್ಟಿತು. 2021ರ ವಸಂತದಲ್ಲಿ ಗ್ರೀನ್‌ಸ್ಟೀನ್ ಶಾಸಕರ ಮುಂದೆ ಹೋಗಿ, ಈ ಬದಲಾವಣೆ ಆಗದಿದ್ದರೆ ಇಡೀ ವ್ಯವಸ್ಥೆಯನ್ನೇ ವಿಸರ್ಜಿಸಲು ಶಿಫಾರಸು ಮಾಡಬೇಕಾಗುತ್ತದೆ ಎಂದರು. ಎರಡು ತಿಂಗಳು ಜನರ ಅಭಿಪ್ರಾಯ ಕೇಳಲಾಯಿತು. ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು, ಊರಿನವರು ಆತಂಕ ತೋಡಿಕೊಂಡರು. ಜುಲೈ 14ರಂದು ಮಂಡಳಿ ಸರ್ವಾನುಮತದಿಂದ ವಿಲೀನಕ್ಕೆ ಒಪ್ಪಿತು.

ವಿಲೀನದ ಪರವಾದ ವಾದವನ್ನು ನಾನು ತಳ್ಳಿಹಾಕುವವನಲ್ಲ. ಎರಡು ಸಾವಿರ ಮಕ್ಕಳಿಗೂ ಒಬ್ಬ ಕುಲಪತಿ, ಒಬ್ಬ ಹಣಕಾಸು ಮುಖ್ಯಸ್ಥ, ಒಂದು ಪರೀಕ್ಷಾ ವಿಭಾಗ, ಒಂದು ಸಾಫ್ಟ್‌ವೇರ್ ಗುತ್ತಿಗೆ ಬೇಕು. ಹತ್ತು ಸಾವಿರ ಮಕ್ಕಳಿಗೂ ಅಷ್ಟೇ. ಮೂಗಿಗಿಂತ ಮೂಗುತಿ ಭಾರವಾದ ಸಂಸ್ಥೆ ಬಹುಕಾಲ ನಡೆಯದು. ಜತೆಗೆ ಶೈಕ್ಷಣಿಕ ಲಾಭವೂ ಇದೆ. ಭೌತಶಾಸ್ತ್ರದಲ್ಲೋ ಜರ್ಮನ್ ಭಾಷೆಯಲ್ಲೋ ಮೇಜರ್ ಮಾಡಬೇಕೆಂಬ ನಾಲ್ಕೈದು ಮಕ್ಕಳಷ್ಟೇ ಇರುವ ಕ್ಯಾಂಪಸ್‌ನಲ್ಲಿ ಆ ವಿಷಯ ತಾನಾಗಿ ಸಾಯುತ್ತದೆ. ಮೂರು ಕ್ಯಾಂಪಸ್‌ನ ಮಕ್ಕಳನ್ನು ಒಂದೇ ಪಟ್ಟಿಗೆ ತಂದರೆ ತರಗತಿ ನಡೆಸಬಹುದು. ಮ್ಯಾನ್ಸ್‌ಫೀಲ್ಡ್‌ನ ಹುಡುಗಿ ಬ್ಲೂಮ್ಸ್‌ಬರ್ಗ್‌ನ ಅಧ್ಯಾಪಕರ ಪಾಠವನ್ನು ಪರದೆಯ ಮೇಲೆ ಕೇಳಬಹುದು.

ತೊಡಕಿರುವುದೂ ಆ ಪರದೆಯಲ್ಲೇ. ಬ್ಲೂಮ್ಸ್‌ಬರ್ಗ್‌ನಿಂದ ಮ್ಯಾನ್ಸ್‌ಫೀಲ್ಡ್‌ಗೆ ಕಾರಿನಲ್ಲೂ ಒಂದೂವರೆ ಗಂಟೆ ಬೇಕು. ಎಡಿನ್‌ಬರೊ ಇರುವುದು ಈರಿ ಸರೋವರದ ಕಡೆ, ಕ್ಯಾಲಿಫೋರ್ನಿಯಾ ಪಿಟ್ಸ್‌ಬರ್ಗ್‌ನ ಆಚೆ; ನಡುವಿನ ದೂರ 200 ಕಿಲೋಮೀಟರಿಗೂ ಹೆಚ್ಚು. ದಿನವೂ ಹೋಗಿ ಬರುವ ಮಾತೇ ಇಲ್ಲ. ಹಾಗಾಗಿ ‘ಹಂಚಿಕೆಯ ತರಗತಿ’ ಎಂದರೆ ಬಹುಪಾಲು ಆನ್‌ಲೈನ್ ತರಗತಿ. ಮನೆಗೆ ಹತ್ತಿರ, ಮೇಷ್ಟ್ರು ಎದುರಿಗೇ ಸಿಗುತ್ತಾರೆ ಎಂಬ ಕಾರಣಕ್ಕೆ ಸಣ್ಣ ಕಾಲೇಜಿಗೆ ಬಂದ ವಿದ್ಯಾರ್ಥಿಗೆ, ಮೇಷ್ಟ್ರು ಬೇರೆ ಊರಿನಲ್ಲಿದ್ದಾರೆ ಎಂದು ಹೇಳಿದಂತಾಯಿತು. ಕ್ರೀಡೆಯಲ್ಲಿ ಮಾತ್ರ ಆರೂ ಊರಿನ ತಂಡಗಳು ಪ್ರತ್ಯೇಕವಾಗಿ ಉಳಿದವು. ಅದಕ್ಕೆ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯ ಅನುಮತಿಯೂ ಸಿಕ್ಕಿತು. ತಂಡ ಹೋದರೆ ಆಟಗಾರರಾಗಿ ಬರುವ ನೂರಾರು ಮಕ್ಕಳೂ ಹೋಗುತ್ತಾರೆಂಬುದು ಮಂಡಳಿಗೆ ಚೆನ್ನಾಗಿ ಗೊತ್ತಿತ್ತು. ಅಧ್ಯಾಪಕರ ವಿಷಯದಲ್ಲೂ ಇದೇ ತಿಳಿವಳಿಕೆ ತೋರಿದ್ದರೆ ಎನಿಸುತ್ತದೆ.

ಅಲ್ಲಿ ಅಧ್ಯಾಪಕರನ್ನು ತೆಗೆಯುವ ಕ್ರಮಕ್ಕೆ ‘ರಿಟ್ರೆಂಚ್‌ಮೆಂಟ್’ ಎನ್ನುತ್ತಾರೆ. ಅದು ವಿಲೀನಕ್ಕೂ ಮೊದಲೇ ಆರಂಭವಾಗಿತ್ತು, ವಿಲೀನವಾಗದ ಕ್ಯಾಂಪಸ್‌ಗಳನ್ನೂ ಬಿಡಲಿಲ್ಲ. 2020ರ ಶರತ್ಕಾಲದಲ್ಲಿ ಇಂಡಿಯಾನಾ ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾ ಸುಮಾರು 80 ಮಂದಿ ಅಧ್ಯಾಪಕರನ್ನು ಕೈಬಿಡುವುದಾಗಿ ಹೇಳಿತು. ಲಲಿತಕಲೆಗಳ ಪ್ರತ್ಯೇಕ ಕಾಲೇಜನ್ನೇ ತೆಗೆಯುವುದೂ ಅದೇ ಯೋಜನೆಯ ಭಾಗವಾಗಿತ್ತು. ಕಾಯಂ ಆದವರಿಗೂ ಪತ್ರ ಬರುತ್ತದೆ. ಸಾಮಾನ್ಯವಾಗಿ ವಿಭಾಗದೊಳಗೆ ಸೇವಾ ಹಿರಿತನ ನೋಡುತ್ತಾರೆ; ಕೊನೆಗೆ ಬಂದವರು ಮೊದಲು ಹೋಗುತ್ತಾರೆ. ಕೊನೆಗೆ ಬಂದವರೆಂದರೆ ಸಾಮಾನ್ಯವಾಗಿ ಚಿಕ್ಕ ವಯಸ್ಸಿನವರು. ಪತ್ರ ಕೊಡುವ ಮುಂಚೆಯೇ, ಸದ್ದಿಲ್ಲದೆ, ಸೆಮಿಸ್ಟರ್ ಲೆಕ್ಕದಲ್ಲಿ ಪಾಠ ಮಾಡುವ ತಾತ್ಕಾಲಿಕ ಅಧ್ಯಾಪಕರಿಗೆ ತರಗತಿ ಸಿಗದಂತಾಗುತ್ತದೆ. ಅವರ ಹೆಸರು ವಜಾ ಪಟ್ಟಿಯಲ್ಲಿ ಇರುವುದೇ ಇಲ್ಲ, ಏಕೆಂದರೆ ಅವರನ್ನು ಯಾರೂ ವಜಾ ಮಾಡಲಿಲ್ಲ. ಮುಂದಿನ ಸೆಮಿಸ್ಟರಿಗೆ ಕರೆಯಲಿಲ್ಲ, ಅಷ್ಟೇ.

ಅಧ್ಯಾಪಕರ ಸಂಘಕ್ಕಾಗಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆರ್ಥಿಕ ಸಂಶೋಧನಾ ಸಂಸ್ಥೆಯೊಂದು 2021ರಲ್ಲಿ ಅಂದಾಜು ಮಾಡಿತು. ವ್ಯವಸ್ಥೆಯಾದ್ಯಂತ 1,500ಕ್ಕೂ ಹೆಚ್ಚು ಉದ್ಯೋಗಗಳು ಹೋಗುತ್ತವೆ ಎಂಬುದು ಅದರ ಲೆಕ್ಕ. ಮಂಡಳಿ ಆ ಲೆಕ್ಕವನ್ನು ಒಪ್ಪಲಿಲ್ಲ. ಸಂಖ್ಯೆಯ ಜಗಳ ಏನೇ ಇರಲಿ, ಮ್ಯಾನ್ಸ್‌ಫೀಲ್ಡ್, ಕ್ಲ್ಯಾರಿಯನ್‌ನಂಥ ಊರಿನಲ್ಲಿ ವಿಶ್ವವಿದ್ಯಾಲಯವೇ ದೊಡ್ಡ ಉದ್ಯೋಗದಾತ. ಅಲ್ಲಿ ಒಬ್ಬ ಪ್ರಾಧ್ಯಾಪಕರು ಮನೆ ಮಾರಿ ಹೋದರೆ ಮನೆಯ ಬೆಲೆ, ಶಾಲೆಯ ಹಾಜರಿ, ದಿನಸಿ ಅಂಗಡಿಯ ವ್ಯಾಪಾರ ಎಲ್ಲಕ್ಕೂ ತಟ್ಟುತ್ತದೆ.

ವಿಲೀನದ ನಂತರ ಏನಾಯಿತು? ಪೆನ್‌ವೆಸ್ಟ್‌ನ ದಾಖಲಾತಿ ಮೊದಲ ಎರಡು ವರ್ಷವೂ ಇಳಿಯುತ್ತಲೇ ಹೋಯಿತು. ಮೊದಲ ಕುಲಪತಿ ಒಂದೇ ವರ್ಷಕ್ಕೆ ಹುದ್ದೆ ಬಿಟ್ಟರು. ಆದರೆ ಇಡೀ ವ್ಯವಸ್ಥೆಯಲ್ಲಿ 2024ರ ಹೊತ್ತಿಗೆ ಕುಸಿತ ಬಹುಮಟ್ಟಿಗೆ ನಿಂತಿತು. ಇದರ ಶ್ರೇಯಸ್ಸನ್ನು ಮಂಡಳಿ ವಿಲೀನಕ್ಕೂ ಕೊಡುತ್ತದೆ. ನನ್ನ ಅಭಿಪ್ರಾಯ ಬೇರೆ. 2022–23ರ ಬಜೆಟ್‌ನಲ್ಲಿ ರಾಜ್ಯವು ಅನುದಾನವನ್ನು 7.5 ಕೋಟಿ ಡಾಲರ್ ಏರಿಸಿ 55.25 ಕೋಟಿ ಡಾಲರ್‌ಗೆ ತಂದಿತು, ಶುಲ್ಕ ಏರಲಿಲ್ಲ. ಮಕ್ಕಳನ್ನು ಮತ್ತೆ ಬಾಗಿಲಿಗೆ ತರುವ ಶಕ್ತಿ ಇದ್ದದ್ದು ಈ ಎರಡಕ್ಕೆ. ಲೆಟರ್‌ಹೆಡ್ ಬದಲಾದರೆ ಆಡಳಿತದ ಖರ್ಚು ಉಳಿಯಬಹುದು, ಆದರೆ ಅದನ್ನು ನೋಡಿ ಯಾವ ವಿದ್ಯಾರ್ಥಿಯೂ ಸೇರುವುದಿಲ್ಲ.

ಅಮೆರಿಕದ್ದೇ ಆದ ವರ್ಮಾಂಟ್ ರಾಜ್ಯ ಇನ್ನೊಂದು ಪಾಠ ಕಲಿಯಿತು. ಅಲ್ಲಿಯೂ ಮಕ್ಕಳು ಕಡಿಮೆ, ಅನುದಾನವೂ ಕಡಿಮೆ. 2020ರ ಏಪ್ರಿಲ್‌ನಲ್ಲಿ ಅಲ್ಲಿನ ಚಾನ್ಸಲರ್ ಮೂರು ಕ್ಯಾಂಪಸ್ ಮುಚ್ಚುವ ಪ್ರಸ್ತಾವ ಮುಂದಿಟ್ಟರು. ಜನ ತಿರುಗಿಬಿದ್ದರು, ಪ್ರಸ್ತಾವವೂ ಹೋಯಿತು, ಚಾನ್ಸಲರೂ ಹೋದರು. ಆಮೇಲೆ ಕ್ಯಾಸಲ್‌ಟನ್, ನಾರ್ದರ್ನ್ ವರ್ಮಾಂಟ್, ವರ್ಮಾಂಟ್ ಟೆಕ್ನಿಕಲ್ ಸೇರಿ 2023ರ ಜುಲೈಯಲ್ಲಿ ‘ವರ್ಮಾಂಟ್ ಸ್ಟೇಟ್ ಯೂನಿವರ್ಸಿಟಿ’ ಆಗುವುದೆಂದು ನಿಗದಿಯಾಯಿತು. ಆರಂಭಕ್ಕೆ ಐದು ತಿಂಗಳಿರುವಾಗ ಆಡಳಿತ ಒಂದು ಪ್ರಕಟಣೆ ಹೊರಡಿಸಿತು: ಗ್ರಂಥಾಲಯಗಳು ಪೂರ್ತಿ ಡಿಜಿಟಲ್ ಆಗುತ್ತವೆ, ಮುದ್ರಿತ ಪುಸ್ತಕಗಳನ್ನು ಬಹುಪಾಲು ತೆಗೆಯುತ್ತೇವೆ, ಗ್ರಂಥಪಾಲಕರ ಹುದ್ದೆಗಳನ್ನು ಕಡಿತ ಮಾಡುತ್ತೇವೆ. ವಿದ್ಯಾರ್ಥಿಗಳು ಗ್ರಂಥಾಲಯದಲ್ಲಿ ಜಮಾಯಿಸಿದರು. ಗ್ರಾಮೀಣ ವರ್ಮಾಂಟ್‌ನ ಎಷ್ಟೋ ಮನೆಗಳಿಗೆ ಒಳ್ಳೆಯ ಇಂಟರ್‌ನೆಟ್ ಇಲ್ಲ. ಓದುವ ನ್ಯೂನತೆಯುಳ್ಳ ಕೆಲವರಿಗೆ ಕಾಗದದ ಪುಟವೇ ಬೇಕು. ಅಧ್ಯಾಪಕರು ಅವಿಶ್ವಾಸ ನಿರ್ಣಯ ಮಾಡಿದರು. ಏಪ್ರಿಲ್‌ನಲ್ಲಿ, ವಿಶ್ವವಿದ್ಯಾಲಯ ಹುಟ್ಟುವ ಮೊದಲೇ, ಅದರ ನಿಯೋಜಿತ ಕುಲಪತಿ ಪರ್ವಿಂದರ್ ಗ್ರೆವಾಲ್ ರಾಜೀನಾಮೆ ಕೊಟ್ಟರು. ಪುಸ್ತಕಗಳು ಉಳಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪೂರ್ಣಾವಧಿ ಅಧ್ಯಾಪಕರ ಹುದ್ದೆಗಳನ್ನು ಕಡಿತ ಮಾಡುವ, ಹತ್ತು ಕೋರ್ಸುಗಳನ್ನು ನಿಲ್ಲಿಸುವ ಯೋಜನೆ ಬಂದಾಗ ಮಾತ್ರ ಅಷ್ಟು ಗದ್ದಲವಾಗಲಿಲ್ಲ. ಪುಸ್ತಕದ ಪರವಾಗಿ ನಿಂತಷ್ಟು ಜನ ಪುಸ್ತಕ ಬಿಡಿಸಿ ಹೇಳುವವರ ಪರವಾಗಿ ನಿಲ್ಲುವುದಿಲ್ಲ ಎಂಬುದು ನನ್ನನ್ನು ಬಹಳವಾಗಿ ಕಾಡಿದ ಸಂಗತಿ.

ಈಗ ಕರ್ನಾಟಕ. ನಮ್ಮ ಚರಿತ್ರೆ ಪೆನ್ಸಿಲ್ವೇನಿಯಾಕ್ಕೆ ತದ್ವಿರುದ್ಧ ದಿಕ್ಕಿನದು. ನಾವು ಒಡೆಯುತ್ತಾ ಬಂದವರು. 1916ರ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು, ಧಾರವಾಡದ್ದು ಕಲಬುರಗಿಯಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯವಾಯಿತು. ಆಮೇಲೆ ಕುವೆಂಪು, ತುಮಕೂರು, ದಾವಣಗೆರೆ, ಬೆಳಗಾವಿ, ಬಳ್ಳಾರಿ. ಬೆಂಗಳೂರು ವಿಶ್ವವಿದ್ಯಾಲಯ ಮೂರಾಯಿತು. 2023ರಲ್ಲಿ ಹಾಸನದ ಹೇಮಗಂಗೋತ್ರಿ, ಚಾಮರಾಜನಗರದ ಸ್ನಾತಕೋತ್ತರ ಕೇಂದ್ರ, ಹಾವೇರಿಯ ಕೆರಿಮತ್ತಿಹಳ್ಳಿ, ಕೊಡಗಿನ ಚಿಕ್ಕ ಅಳುವಾರ, ಬಾಗಲಕೋಟೆ ಜಿಲ್ಲೆಯ ಜಮಖಂಡಿ ಮುಂತಾದ ಕಡೆ ಇದ್ದ ಕೇಂದ್ರಗಳಿಗೇ ವಿಶ್ವವಿದ್ಯಾಲಯ ಎಂಬ ಫಲಕ ಬಂತು. ಕುಲಪತಿ ಬಂದರು, ಕುಲಸಚಿವರು ಬಂದರು. ಆರಂಭಕ್ಕೆ ಒಂದೊಂದಕ್ಕೂ ಹೇಳಿದ ಮೊತ್ತ 2 ಕೋಟಿ ರೂಪಾಯಿ. ಎರಡೇ ವರ್ಷಕ್ಕೆ, ಉಪ ಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ, ಬೀದರ್ ಒಂದನ್ನು ಬಿಟ್ಟು ಉಳಿದ ಒಂಬತ್ತನ್ನು ಮುಂದುವರಿಸಬೇಕಿಲ್ಲ ಎಂಬ ನಿಲುವಿಗೆ ಬಂತು. ಹಣವಿಲ್ಲ, ಜಮೀನಿಲ್ಲ, ಬೋಧಕರಿಲ್ಲ ಎಂಬುದು ಕಾರಣ.

ಕಾರಣಗಳು ಸುಳ್ಳಲ್ಲ. ನಮ್ಮ ಸರ್ಕಾರಿ ವಿಶ್ವವಿದ್ಯಾಲಯ ಬದುಕುವುದು ಸಂಯೋಜಿತ ಕಾಲೇಜುಗಳ ಶುಲ್ಕ ಮತ್ತು ಪರೀಕ್ಷಾ ಶುಲ್ಕದ ಮೇಲೆ. ಹಾಸನ, ಮಂಡ್ಯ, ಚಾಮರಾಜನಗರದ ಕಾಲೇಜುಗಳು ಹೊರಟ ಮೇಲೆ ಮೈಸೂರಿನ ವರಮಾನ ಕುಗ್ಗಿತು. ಅದರ ನಿವೃತ್ತರ ಪಿಂಚಣಿ ಕುಗ್ಗಲಿಲ್ಲ. ಇತ್ತ ಹೊಸ ವಿಶ್ವವಿದ್ಯಾಲಯಕ್ಕೆ ಸಿಕ್ಕ ಕೆಲವೇ ಹತ್ತು ಕಾಲೇಜುಗಳ ಶುಲ್ಕ ಅಂಕಪಟ್ಟಿ ಮುದ್ರಿಸಲು, ಮೌಲ್ಯಮಾಪನ ನಡೆಸಲು ಸರಿಹೋಯಿತು. ತಾಯಿಯೂ ಬಡವಾಯಿತು, ಮಗುವೂ ಬೆಳೆಯಲಿಲ್ಲ. ಒಡೆಯುವಾಗಲೂ ಲೆಕ್ಕ ಹಾಕಲಿಲ್ಲ. ಕೂಡಿಸುವಾಗಲೂ ಹಾಕದಿದ್ದರೆ ಹೇಗೆ?

ಹಾಕಬೇಕಾದ ಮೊದಲ ಲೆಕ್ಕ ದೂರದ್ದು. ಹಾಸನದಿಂದ ಮೈಸೂರಿಗೆ 120 ಕಿಲೋಮೀಟರಿನಷ್ಟು. ಅರಕಲಗೂಡಿನ ಹಳ್ಳಿಯಿಂದ ಹೇಮಗಂಗೋತ್ರಿಗೆ ಬೆಳಿಗ್ಗೆ ಬಂದು ಸಂಜೆ ಮನೆ ಸೇರುವ ಹುಡುಗಿಗೆ ಎಂ.ಎ. ಓದಲು ಮನೆಯವರು ಒಪ್ಪುತ್ತಾರೆ. ಮೈಸೂರಿನಲ್ಲಿ ರೂಮು ಮಾಡಿಕೊಂಡು ಓದುತ್ತೇನೆಂದರೆ ಮದುವೆಯ ಮಾತು ಎತ್ತುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಬಸ್ಸು ಉಚಿತವಾಗಿದೆ, ನಿಜ. ಟಿಕೆಟ್ಟು ಉಚಿತವಾದರೂ ದಿನಕ್ಕೆ ಐದಾರು ಗಂಟೆಯ ಪ್ರಯಾಣ ಉಚಿತವಲ್ಲ. ಆದ್ದರಿಂದ ಆಡಳಿತ ಮೈಸೂರಿಗೆ ಹೋದರೆ ನನಗೆ ಆಕ್ಷೇಪವಿಲ್ಲ; ಕುಲಪತಿಯ ಕಾರು, ಬಂಗಲೆ ಇಲ್ಲದೆಯೂ ಎಂ.ಎ. ತರಗತಿ ನಡೆಯುತ್ತದೆ. ವಿಲೀನದ ಹೆಸರಿನಲ್ಲಿ ಸ್ನಾತಕೋತ್ತರ ತರಗತಿಗಳೇ ಹೋದರೆ ಅದನ್ನು ಒಪ್ಪಲಾಗದು.

ಎರಡನೆಯದು ಬೋಧಕರ ಲೆಕ್ಕ. ಪೆನ್ಸಿಲ್ವೇನಿಯಾದಂತೆ ನಮ್ಮಲ್ಲಿ ವಜಾ ಪತ್ರ ಬರುವುದಿಲ್ಲ, ಏಕೆಂದರೆ ವಜಾ ಮಾಡಲು ಕಾಯಂ ಬೋಧಕರೇ ಇಲ್ಲ. ರಾಜ್ಯದ ಹಳೆಯ ವಿಶ್ವವಿದ್ಯಾಲಯಗಳಲ್ಲೂ ಮಂಜೂರಾದ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಪಾಠ ನಡೆಯುತ್ತಿರುವುದು ಅತಿಥಿ ಉಪನ್ಯಾಸಕರಿಂದ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೇ ಇಂಥವರು ಹತ್ತು ಸಾವಿರಕ್ಕೂ ಹೆಚ್ಚು. ಅವರ ಬದುಕು ನಿಂತಿರುವುದು ‘ಕಾರ್ಯಭಾರ’ದ ಮೇಲೆ. ಪ್ರತಿ ವರ್ಷ ಅರ್ಜಿ, ಕೌನ್ಸೆಲಿಂಗ್, ಸ್ಥಳ ಆಯ್ಕೆ. ಕಾಯಂ ಉಪನ್ಯಾಸಕರೊಬ್ಬರು ವರ್ಗವಾಗಿ ಬಂದರೆ ಮರುದಿನವೇ ಬಿಡುಗಡೆ. 2022ರಲ್ಲಿ ಗೌರವಧನ ಏರಿಸಿದ ಸರ್ಕಾರ, ಜತೆಗೇ ಒಬ್ಬರಿಗೆ ವಾರಕ್ಕೆ 15 ಗಂಟೆ ಕಾರ್ಯಭಾರ ನಿಗದಿ ಮಾಡಿತು. ಮೊದಲು ಇಬ್ಬರು ಹಂಚಿಕೊಳ್ಳುತ್ತಿದ್ದ ಗಂಟೆಗಳು ಒಬ್ಬರಿಗೇ ಹೋದವು. ಹತ್ತಾರು ವರ್ಷ ಪಾಠ ಮಾಡಿದವರು, ನಲವತ್ತು ದಾಟಿದವರು, ಬೇರೆ ಕೆಲಸಕ್ಕೆ ಅರ್ಜಿ ಹಾಕುವ ವಯೋಮಿತಿ ಮೀರಿದವರು ಮನೆಗೆ ಹೋದರು. ಯಾವ ವಜಾ ಅಂಕಿಅಂಶದಲ್ಲೂ ಅವರಿಲ್ಲ.

ಕನ್ನಡ, ಇತಿಹಾಸ, ಸಮಾಜಶಾಸ್ತ್ರದ ತರಗತಿಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಬಿಸಿಎ, ಬಿಕಾಂ ಕಡೆ ಹೋಗುತ್ತಿದ್ದಾರೆ. ಎರಡು ಕೇಂದ್ರಗಳನ್ನು ಕೂಡಿಸಿದಾಗ ಮೊದಲು ಒಂದಾಗುವ ವಿಭಾಗಗಳು ಇವೇ. ಇದರ ಮೇಲೆ, ನಮ್ಮಲ್ಲಿಯೂ ಮಕ್ಕಳ ಸಂಖ್ಯೆ ಇಳಿಯುವ ದಿನ ದೂರವಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವಂತಿಕೆ ದರ 1.7, ಜನಸಂಖ್ಯೆ ಸ್ಥಿರವಾಗಿರಲು ಬೇಕಾದ 2.1ಕ್ಕಿಂತ ಬಹಳ ಕಡಿಮೆ. ಊರ ಶಾಲೆಗಳಲ್ಲಿ ಇದು ಈಗಾಗಲೇ ಕಾಣುತ್ತಿದೆ.

ಪೆನ್ಸಿಲ್ವೇನಿಯಾದಲ್ಲೂ ಕತೆ ಮುಗಿದಿಲ್ಲ. 2025ರ ಮೇ ತಿಂಗಳಲ್ಲಿ ಪೆನ್ ಸ್ಟೇಟ್‌ನ ಟ್ರಸ್ಟಿಗಳು ತಮ್ಮ ಏಳು ಸಣ್ಣ ಕ್ಯಾಂಪಸ್‌ಗಳನ್ನು ಮುಚ್ಚಲು 25–8 ಮತಗಳಿಂದ ತೀರ್ಮಾನಿಸಿದರು. ಆದರೆ ಬಾಗಿಲು ಹಾಕುವುದು 2027ರ ವಸಂತ ಸೆಮಿಸ್ಟರಿನ ನಂತರ. ವಿದ್ಯಾರ್ಥಿಗಳಿಗೆ, ಸಿಬ್ಬಂದಿಗೆ ಎರಡು ವರ್ಷದ ಸಮಯ ಸಿಕ್ಕಿದೆ. ಸರ್ಕಾರಿ ವ್ಯವಸ್ಥೆಯ ಅಧ್ಯಾಪಕರ ಒಪ್ಪಂದದಲ್ಲಿ, ತೆಗೆಯುವ ಮುನ್ನ ತಿಂಗಳುಗಳ ನೋಟಿಸ್ ಕೊಡಬೇಕು, ಸೋದರ ವಿಶ್ವವಿದ್ಯಾಲಯದಲ್ಲಿ ಹುದ್ದೆ ಖಾಲಿಯಾದರೆ ತೆಗೆದವರಿಗೆ ಆದ್ಯತೆ ಕೊಡಬೇಕು ಎಂಬ ಷರತ್ತುಗಳಿವೆ. ನಮ್ಮ ಹೊಸ ವಿಶ್ವವಿದ್ಯಾಲಯಗಳ ಅತಿಥಿ ಉಪನ್ಯಾಸಕರಿಗೆ ಇದರಲ್ಲಿ ಒಂದೂ ಇಲ್ಲ. ಸರ್ಕಾರ ವಿಲೀನಕ್ಕೆ ಕೈಹಾಕುವುದೇ ಆದರೆ, ಯಾವ ಕೇಂದ್ರದಲ್ಲಿ ಯಾವ ವಿಷಯದ ತರಗತಿ ಎಷ್ಟು ವರ್ಷ ಮುಂದುವರಿಯುತ್ತದೆ, ಈಗ ಪಾಠ ಮಾಡುತ್ತಿರುವವರ ಕಾರ್ಯಭಾರ ಎಲ್ಲಿಗೆ ಹೋಗುತ್ತದೆ, ಅರ್ಧ ಓದಿದ ಪಿಎಚ್.ಡಿ. ವಿದ್ಯಾರ್ಥಿಯ ಮಾರ್ಗದರ್ಶಕರು ಯಾರು ಎಂಬುದನ್ನು ಆದೇಶದ ಜತೆಗೇ ಬರೆದು ಪ್ರಕಟಿಸಲಿ. ಆ ಅನುಬಂಧವಿಲ್ಲದ ಆದೇಶವನ್ನು ವಿಧಾನಮಂಡಲದಲ್ಲಿ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳ ಪ್ರತಿನಿಧಿಗಳು ತಡೆದು ನಿಲ್ಲಿಸಬೇಕು.